ಪ್ರಶಸ್ತಿಗೆ ಮೊದಲು ಟೇಲ್‌ಎಂಡ್ ನೋಡಿ ಬನ್ನಿ

ಪ್ರಶ್ನೆ: ಡಾಕ್ಟರ್ ಸಾಹೇಬರಿಗೆ ಶರಣು. ನಮ್ಮ ತಂದೆಯವರು ಸಿಂಧನೂರಿನಲ್ಲಿ ನಲವತ್ತು ವರ್ಷ ಔಷಧ ಅಂಗಡಿ ನಡೆಸಿದವರು. ಅವರ ನೆನಪಿಗೆ ಟ್ರಸ್ಟ್ ಮಾಡಿದ್ದೇವೆ. ಈ ವರ್ಷದಿಂದ ಒಂದು ಲಕ್ಷ ರೂಪಾಯಿಯ ‘ಆರೋಗ್ಯ ಸಮತೆ ಪ್ರಶಸ್ತಿ’ ಕೊಡುವ ಮನಸ್ಸಿದೆ. ಹೊರದೇಶದಲ್ಲಿ ಓದುತ್ತಿರುವ ಮಗಳು ಹೆಸರಿನ ಮುಂದೆ ‘ಜಾಗತಿಕ’ ಎಂದೂ ಸೇರಿಸಿ ಅನ್ನುತ್ತಾಳೆ. ಸಮಿತಿಯ ಮುಂದೆ ಮೂರು ಹೆಸರು ಬಂದಿವೆ. ಒಬ್ಬರು ಇಪ್ಪತ್ತು ವರ್ಷದಿಂದ ಉಚಿತ ಕಣ್ಣಿನ ಶಿಬಿರ ಮಾಡುತ್ತಿರುವ ವೈದ್ಯರು. ಇನ್ನೊಬ್ಬರು ದೇವದುರ್ಗ ಕಡೆ ತಾಂಡಾ, ದೊಡ್ಡಿಗಳಲ್ಲಿ ಕೆಲಸ ಮಾಡುವ ಎಎನ್‌ಎಂ (ಆರೋಗ್ಯ ಉಪಕೇಂದ್ರದ ನರ್ಸ್) ಸಿಸ್ಟರ್. ಮೂರನೆಯದಾಗಿ ಒಬ್ಬ ಸದಸ್ಯರು ಒಂದು ಗ್ರಾಮ ಪಂಚಾಯಿತಿಯ ನೀರುಗಂಟಿಯ ಹೆಸರು ಹೇಳಿದರು. ಫ್ಲೋರೈಡ್ ಬೋರ್‌ವೆಲ್ ಬಂದ್ ಮಾಡಿಸಿ, ಕೆರೆಯ ನೀರನ್ನು ದಿನಾ ಕೇರಿಯ ಕೊನೆಯ ನಲ್ಲಿಗೂ ಮುಟ್ಟಿಸುತ್ತಾನಂತೆ. ಉಳಿದವರು ನಕ್ಕರು. ಯಾವ ಅಳತೆಗೋಲು ಹಿಡಿದು ಆರಿಸಬೇಕು, ತಿಳಿಸಿರಿ.

ಉತ್ತರ: ಮೂರನೆಯ ಹೆಸರಿಗೆ ನಕ್ಕರು ಎಂದು ಬರೆದಿದ್ದೀರಲ್ಲ, ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಹಾಕಿಕೊಂಡಿದ್ದೇನೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ನೀವು ಸಿಂಧನೂರಿನವರು, ಕಾಲುವೆಯಿಂದಲೇ ಶುರು ಮಾಡೋಣ. ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದ. ಡ್ಯಾಮಿನಿಂದ ಇಷ್ಟು ಕ್ಯುಸೆಕ್ ಬಿಟ್ಟಿದ್ದೇವೆ ಎಂದು ಮುನಿರಾಬಾದಿನಲ್ಲಿ ಕುಳಿತವರು ಹೇಳಿದರೆ ಮಾನ್ವಿ, ಸಿರವಾರ ಕಡೆಯ ರೈತ ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಅವನದು ಒಂದೇ ಪ್ರಶ್ನೆ: “104 ಮೈಲಿನಾಗ ಗೇಜ್ ಎಷ್ಟೈತ್ರಿ?” ಅಂದರೆ ಕಾಲುವೆಯ ಕೆಳಭಾಗದ 104ನೇ ಮೈಲಿಯಲ್ಲಿ ನೀರಿನ ಮಟ್ಟ ಎಷ್ಟಿದೆ ಎಂದು. ಮೇಲ್ಭಾಗದಲ್ಲಿ ಭತ್ತದ ಗದ್ದೆ ತುಳುಕುತ್ತಿರುವಾಗಲೇ ಕೆಳಭಾಗದವರು ರಸ್ತೆ ತಡೆಗೆ ಕೂತಿರುತ್ತಾರೆ. ಡ್ಯಾಮಿನಲ್ಲಿ ಎಷ್ಟು ಬಿಟ್ಟರು ಎಂಬುದು ಸೇವೆಯ ಲೆಕ್ಕ. ಕೊನೆಯ ತೂಬಿಗೆ, ಅಂದರೆ ಟೇಲ್‌ಎಂಡಿಗೆ, ಎಷ್ಟು ಮುಟ್ಟಿತು ಎಂಬುದು ಸಮತೆಯ ಲೆಕ್ಕ. ನಿಮ್ಮ ಪ್ರಶಸ್ತಿಯ ಹೆಸರಿನಲ್ಲಿ ‘ಸಮತೆ’ ಎಂಬ ಮಾತನ್ನು ಇಟ್ಟಿರಿ ಅಂದಮೇಲೆ ಎರಡನೆಯ ಲೆಕ್ಕವನ್ನೇ ನೋಡಬೇಕಾಗುತ್ತದೆ. ಅದು ಆಗದಿದ್ದರೆ ‘ವೈದ್ಯಕೀಯ ಸೇವಾ ಪ್ರಶಸ್ತಿ’ ಎಂದು ಕರೆದುಬಿಡಿ. ಅದರಲ್ಲೇನೂ ಕುಂದಿಲ್ಲ, ಕೆಲಸವೂ ಹಗುರ.

ಅಸಮತೆ ಎಂದರೇನು ಎಂಬುದಕ್ಕೆ ಬ್ರಿಟನ್ನಿನ ಮಾರ್ಗರೆಟ್ ವೈಟ್‌ಹೆಡ್ 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದುಕೊಟ್ಟ ವಿವರಣೆಯನ್ನು ನಮ್ಮ ಕ್ಷೇತ್ರದವರು ಇವತ್ತಿಗೂ ಮುಂದಿಟ್ಟುಕೊಳ್ಳುತ್ತಾರೆ. ಎಂಬತ್ತರ ಅಜ್ಜನ ಮೊಣಕಾಲು ಇಪ್ಪತ್ತರ ಮೊಮ್ಮಗನ ಹಾಗಿರುವುದಿಲ್ಲ, ಅದಕ್ಕೆ ಯಾರನ್ನೂ ದೂರುವಂತಿಲ್ಲ. ತಪ್ಪಿಸಲು ಸಾಧ್ಯವಿದ್ದ, ತಪ್ಪಿಸದೆ ಬಿಟ್ಟದ್ದು ಅನ್ಯಾಯ ಎನಿಸುವಂಥ ವ್ಯತ್ಯಾಸಕ್ಕೆ ಮಾತ್ರ ಆಕೆ ಆ ಹೆಸರು ಕೊಟ್ಟರು. ಕುಷ್ಟಗಿ ಕಡೆಯ ಹಳ್ಳಿಯಲ್ಲಿ ನಲವತ್ತಕ್ಕೇ ಸೊಂಟ ಹಿಡಿದು ಕೂತ ಹೆಂಗಸನ್ನು ನೆನೆಸಿಕೊಳ್ಳಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ಎಲ್ಲರಿಗೂ ಗೊತ್ತಿತ್ತು. ಬೋರ್‌ವೆಲ್ಲಿನ ನೀರು ಅದನ್ನು ಮೀರಿತ್ತು. ಆಕೆ ಹುಟ್ಟಿದಾಗಿನಿಂದ ಅದನ್ನೇ ಕುಡಿದಳು. ಮೂಳೆಗೆ ಇಳಿದ ಫ್ಲೋರೈಡನ್ನು ಹಿಂದಕ್ಕೆ ತೆಗೆಯುವ ಔಷಧಿ ಯಾವ ಆಸ್ಪತ್ರೆಯಲ್ಲೂ ಇಲ್ಲ. ಆ ಸೊಂಟ ಅಸಮತೆ.

ಸೇವೆ ತನ್ನಷ್ಟಕ್ಕೆ ತಾನೇ ಕೊನೆಯವರೆಗೆ ಹರಿಯುವುದಿಲ್ಲ ಎಂಬುದಕ್ಕೂ ಒಂದು ಹಳೆಯ ಮಾತಿದೆ. ವೇಲ್ಸ್ ದೇಶದ ಕಲ್ಲಿದ್ದಲು ಗಣಿಯ ಹಳ್ಳಿಯೊಂದರಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಬರೆದರು: ಒಳ್ಳೆಯ ಚಿಕಿತ್ಸೆ ಎಲ್ಲಿ ಹೆಚ್ಚು ಬೇಕೋ ಅಲ್ಲೇ ಅದು ಕಡಿಮೆ ಸಿಗುತ್ತದೆ. ಅದಕ್ಕೆ ‘ತಿರುಗುಮುರುಗು ಆರೈಕೆಯ ನಿಯಮ’ ಎಂದು ಹೆಸರೇ ಬಿತ್ತು. ಸಂಡೂರಿನ ಗಣಿ ಸಾಲಿನಲ್ಲಿ ಓಡಾಡಿದವರಿಗೆ ವೇಲ್ಸಿಗೆ ಹೋಗಿ ಇದನ್ನು ಕಲಿಯಬೇಕಾದ್ದಿಲ್ಲ.

ಹೀಗಾಗಿ ಸಮಿತಿ ಕೇಳಬೇಕಾದ ಪ್ರಶ್ನೆಗಳು ನನ್ನ ಮಟ್ಟಿಗೆ ಎರಡೇ. ಈ ವ್ಯಕ್ತಿಯಿಂದಾಗಿ, ಮೊದಲು ಸಿಗದೇ ಇದ್ದ ಯಾರಿಗೆ ಏನು ಸಿಗತೊಡಗಿತು? ನಾಳೆ ಈ ವ್ಯಕ್ತಿ ವರ್ಗವಾಗಿಯೋ ಕಾಲವಾಗಿಯೋ ಹೋದರೆ ಅದು ಉಳಿಯುತ್ತದೆಯೋ ಇಲ್ಲವೋ?

ಈ ಎರಡಕ್ಕೂ ನಿಲ್ಲುವ ಕೆಲಸ ಹೇಗಿರುತ್ತದೆ ಎಂದು ಕೇಳಿದರೆ ನಾನು ಯಾವಾಗಲೂ ನಿಮ್ಮ ತಂದೆಯವರ ಅಂಗಡಿಯಲ್ಲೂ ಇದ್ದೇ ಇದ್ದ ಒಂದು ಪೊಟ್ಟಣ ತೋರಿಸುತ್ತೇನೆ: ಓಆರ್‌ಎಸ್. 1971ರ ಬಾಂಗ್ಲಾ ಯುದ್ಧದ ಕಾಲ. ಗಡಿ ದಾಟಿ ಬಂದ ನಿರಾಶ್ರಿತರಲ್ಲಿ ಕಾಲರಾ ಎದ್ದಿತ್ತು. ಬಂಗಾಳದ ಬೊಂಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಾಬಿಸ್ ಅವರ ಬಳಿ ಸಲೈನ್ ಮುಗಿಯುತ್ತ ಬಂತು, ಸೂಜಿ ಚುಚ್ಚುವ ಕೈಗಳೂ ಸಾಲಲಿಲ್ಲ. ಉಪ್ಪು, ಗ್ಲೂಕೋಸ್, ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟರು. ರೋಗಿಯ ತಾಯಿ, ಅಕ್ಕ, ಅಣ್ಣ ಯಾರಿದ್ದರೋ ಅವರೇ ಲೋಟದಲ್ಲಿ ಕುಡಿಸುತ್ತ ಹೋಗಲಿ ಎಂದರು. ಸಾವು ನೂರಕ್ಕೆ 30ರ ಆಸುಪಾಸಿನಿಂದ ನೂರಕ್ಕೆ 4ಕ್ಕಿಂತ ಕೆಳಗಿಳಿಯಿತು. ಆ ದ್ರಾವಣದ ವಿಜ್ಞಾನ ಅದಕ್ಕೂ ಮೊದಲೇ ಗೊತ್ತಿತ್ತು, ಢಾಕಾ ಮತ್ತು ಕಲ್ಕತ್ತೆಯಲ್ಲಿ ಪ್ರಯೋಗಗಳಾಗಿದ್ದವು. ಹೊಸದಾಗಿದ್ದದ್ದು ಒಂದೇ. ಔಷಧಿ ಡಾಕ್ಟರ ಕೈಯಿಂದ ತಾಯಿಯ ಕೈಗೆ ದಾಟಿತು. ಒಮ್ಮೆ ದಾಟಿದ ಮೇಲೆ ಅದನ್ನು ವಾಪಸು ಕಸಿದುಕೊಳ್ಳಲು ಯಾರಿಂದಲೂ ಆಗಲಿಲ್ಲ.

ಪ್ರಶಸ್ತಿಗಳು ಇದನ್ನು ಗುರುತಿಸಿದ್ದು ಯಾವಾಗ? ಶಿಶುವೈದ್ಯಕ್ಕೆ ಮೀಸಲಾದ ಪೊಲಿನ್ ಪ್ರಶಸ್ತಿ, ಇನ್ನೂ ಮೂವರ ಜೊತೆ ಹಂಚಿಕೊಂಡಿದ್ದು, 2002ರಲ್ಲಿ. ನಮ್ಮ ದೇಶದ ಪದ್ಮವಿಭೂಷಣ 2023ರಲ್ಲಿ, ಅವರು ತೀರಿಕೊಂಡ ಮೇಲೆ. ಜೀವವಿದ್ದಾಗ ಕೊಟ್ಟು ಕೈ ಮುಗಿಯುವ ಅವಕಾಶ ನಿಮ್ಮ ಸಣ್ಣ ಟ್ರಸ್ಟಿಗಿದೆ.

ಈಗ ನಿಮ್ಮ ಕಣ್ಣಿನ ವೈದ್ಯರು. ಅವರ ಬಗ್ಗೆ ನನಗೆ ಅನುಮಾನವಿಲ್ಲ, ಅವರ ಫೈಲಿನ ಬಗ್ಗೆ ಇದೆ. ಕೆಲವು ವರ್ಷಗಳ ಹಿಂದೆ ಬೇರೊಂದು ಜಿಲ್ಲೆಯ ಆಯ್ಕೆ ಸಮಿತಿಯಲ್ಲಿ ನಾನೂ ಕೂತಿದ್ದೆ. ಒಬ್ಬರ ಫೈಲು ಭಗವದ್ಗೀತೆಯಷ್ಟು ದಪ್ಪ. ಪತ್ರಿಕೆಯ ತುಣುಕುಗಳು, ಮಠಾಧೀಶರ ಜೊತೆ ಫೋಟೋಗಳು, ಶಿಬಿರಗಳ ಪಟ್ಟಿ. ಒಂದೇ ಸಭೆಯಲ್ಲಿ ಒಮ್ಮತ ಆಯಿತು. ಮರುವರ್ಷ ನನ್ನ ವಿದ್ಯಾರ್ಥಿಯೊಬ್ಬ ಬೇರೆ ಯಾವುದೋ ಕೆಲಸಕ್ಕೆ ಅದೇ ಶಿಬಿರಗಳ ರಿಜಿಸ್ಟರ್ ತೆಗೆದ. ಊರುಗಳೆಲ್ಲ ಡಾಂಬರು ರಸ್ತೆಯ ಪಕ್ಕದವು. ಹೆಸರುಗಳಲ್ಲಿ ಗಂಡಸರೇ ಹೆಚ್ಚು. ಪೊರೆ ಇದೆ ಎಂದು ಚೀಟಿ ಬರೆದುಕೊಟ್ಟವರಲ್ಲಿ ಎಷ್ಟು ಮಂದಿ ಆಪರೇಷನ್ನಿಗೆ ಬಂದರು ಎಂಬ ಕಾಲಮ್ಮು ಖಾಲಿ. ವೈದ್ಯರು ಸುಳ್ಳು ಹೇಳಿರಲಿಲ್ಲ, ನಾವು ಕೇಳಿರಲಿಲ್ಲ. ಆ ಆಯ್ಕೆಯ ಕಾಗದದ ಮೇಲೆ ನನ್ನ ಸಹಿಯೂ ಇದೆ.

ಮದುರೆಯ ಅರವಿಂದ್ ಕಣ್ಣಾಸ್ಪತ್ರೆಯ ಕಥೆ ಇಲ್ಲಿ ಹೇಳಲೇಬೇಕು. 1976ರಲ್ಲಿ ಡಾ. ಜಿ. ವೆಂಕಟಸ್ವಾಮಿ ಅವರು ನಿವೃತ್ತಿಯ ಮೇಲೆ 11 ಹಾಸಿಗೆಯಿಂದ ಶುರು ಮಾಡಿದ್ದು. ಶಿಬಿರದಲ್ಲಿ ತಪಾಸಣೆ ಮಾಡಿಸಿಕೊಂಡವರು ಆಪರೇಷನ್ ಪುಕ್ಕಟೆ ಅಂದರೂ ಬರುತ್ತಿರಲಿಲ್ಲ. ಯಾಕೆಂದು ಮನೆಗೆ ಹೋಗಿ ವಿಚಾರಿಸಿದಾಗ ಗೊತ್ತಾಯಿತು: ಬಸ್ಸಿನ ದುಡ್ಡಿಲ್ಲ, ಊಟದ ಚಿಂತೆ, ಜೊತೆಗೆ ಬರುವವರ ಕೂಲಿ ಹೋಗುತ್ತದೆ. ಅಲ್ಲಿಂದ ಕರೆದೊಯ್ಯುವುದು, ಉಣಿಸುವುದು, ಮನೆಗೆ ಬಿಡುವುದು ಎಲ್ಲ ಚಿಕಿತ್ಸೆಯ ಭಾಗವೇ ಆಯಿತು. ಹೊರದೇಶದ ಲೆನ್ಸ್ ದುಬಾರಿ ಎಂದು 1992ರಲ್ಲಿ ತಾವೇ ಕಾರ್ಖಾನೆ ತೆರೆದರು. 2008ರಲ್ಲಿ ಜಾಗತಿಕ ಆರೋಗ್ಯಕ್ಕೆಂದೇ ಕೊಡುವ ಗೇಟ್ಸ್ ಪ್ರಶಸ್ತಿ ಅವರಿಗೆ ಬಂತು. ನಿಮ್ಮ ವೈದ್ಯರ ರಿಜಿಸ್ಟರಿನಲ್ಲಿ ಅರವತ್ತು ದಾಟಿದ ವಿಧವೆಯರು ಎಷ್ಟು, ತಾಂಡಾದ ಹೆಸರುಗಳು ಎಷ್ಟು, ಆಪರೇಷನ್ ಆಗಿ ತಿಂಗಳ ಮೇಲೆ ಮರಳಿ ನೋಡಿದ್ದು ಎಷ್ಟು ಮಂದಿಯನ್ನು, ಇಷ್ಟು ತೆಗೆಸಿ. ಉತ್ತರ ಚೆನ್ನಾಗಿದ್ದರೆ ಅವರಿಗೇ ಕೊಡಿ, ನನ್ನ ತಕರಾರಿಲ್ಲ. ಡಾಕ್ಟರು ಅಂದ ಮಾತ್ರಕ್ಕೆ ಹಿಂದೆ ಸರಿಸುವುದೂ ಒಂದು ಫ್ಯಾಷನ್ ಆಗಿಬಿಟ್ಟಿದೆ.

ಎಎನ್‌ಎಂ ಸಿಸ್ಟರ್. ಕಾಗದದ ಮೇಲೆ ಈಗ ಅವರು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ, ಊರಿನ ಬಾಯಲ್ಲಿ ಸಿಸ್ಟರ್. ನೀವು ಪತ್ರದ ಜೊತೆ ಇಟ್ಟ ಎರಡು ಪುಟದ ಟಿಪ್ಪಣಿಯಲ್ಲಿ ಆಕೆ ‘ತಾಯಿಯಂತೆ’, ‘ದೇವತೆಯಂತೆ’ ಎಂಬ ಮಾತುಗಳೇ ಹೆಚ್ಚಿವೆ. ಕೊನೆಯ ಸಾಲು ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು: ಗುಳೆ ಹೋಗುವ ಮನೆಗಳ ಫೋನ್ ನಂಬರುಗಳನ್ನು ಬೇರೆಯೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಕೂಸಿಗೆ ಸೂಜಿ ಹಾಕಿಸುವ ದಿನ ಬೆಂಗಳೂರಿಗೋ ಹೈದರಾಬಾದಿಗೋ ಫೋನ್ ಮಾಡುತ್ತಾರೆ ಎಂಬುದು. ಇದನ್ನು ನೀವು ಮೊದಲ ಸಾಲಿಗೆ ತರಬೇಕಿತ್ತು! ಗುಳೆ ಹೋದ ಕೂಸು ಎರಡೂ ಕಡೆಯ ರಿಜಿಸ್ಟರಿನಿಂದ ಜಾರುತ್ತದೆ. ಇಲ್ಲಿ ‘ಊರಲ್ಲಿಲ್ಲ’, ಅಲ್ಲಿ ‘ನಮ್ಮ ಏರಿಯಾದ್ದಲ್ಲ’. ಎರಡೂ ಕಡೆ ಲೆಕ್ಕ ಸರಿಯಾಗಿಯೇ ಇರುತ್ತದೆ, ಕೂಸಿಗೆ ಮಾತ್ರ ಲಸಿಕೆ ಬಿದ್ದಿರುವುದಿಲ್ಲ. ಆ ನೋಟ್‌ಬುಕ್ಕನ್ನು ಕಣ್ಣಾರೆ ನೋಡಿ. ಪಕ್ಕದ ಉಪಕೇಂದ್ರದವರು ಅದನ್ನು ನೋಡಿ ತಾವೂ ಶುರು ಮಾಡಿದ್ದಾರೆಯೇ ಎಂದು ಕೇಳಿ.

‘ಜಾಗತಿಕ’ ಎಂಬ ಪದದ ವಿಷಯಕ್ಕೆ ಇಲ್ಲಿಯೇ ಬರುತ್ತೇನೆ. ನಿಮ್ಮ ಮಗಳು ಹೇಳುವುದರಲ್ಲಿ ಅರ್ಥವಿದೆ, ಆದರೆ ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಇರುವ ಜಿನೀವಾದ ಕಡೆ ನೋಡಬೇಕಿಲ್ಲ. 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್‌ನವರು ಆಗಿನ ಅಖಂಡ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಮಾನಸಿಕ ಕಾಯಿಲೆ, ಮೂರ್ಛೆರೋಗ ಅಂದರೆ ಜನ ಒಂದೋ ದೇವರ ಗುಡಿಗೆ, ಇಲ್ಲ ಕೈಲಾದವರು ಬೆಂಗಳೂರು, ಧಾರವಾಡಕ್ಕೆ ಹೋಗುತ್ತಿದ್ದ ಕಾಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಕೆಲವೇ ವಾರದ ತರಬೇತಿ ಕೊಟ್ಟು, ನಾಲ್ಕಾರು ಬಗೆಯ ಅಗ್ಗದ ಮಾತ್ರೆಗಳನ್ನು ಕೈಗಿಟ್ಟು, ಹಳ್ಳಿಯಲ್ಲೇ ರೋಗ ಗುರುತಿಸಿ ನಡೆಸಿಕೊಂಡು ಹೋಗಲು ಸಾಧ್ಯವೇ ಎಂದು ನೋಡಿದರು. ಸಾಧ್ಯ ಎಂದು ಗೊತ್ತಾಯಿತು. ಅದಕ್ಕೆ ‘ಬಳ್ಳಾರಿ ಮಾದರಿ’ ಎಂದೇ ಹೆಸರು ನಿಂತಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಶುರು ಮಾಡಿದ್ದು ಈ ಮಾದರಿಯ ಮೇಲೆಯೇ. ಪರಿಣತರ ಕೆಲಸದ ಒಂದು ಪಾಲನ್ನು ಪರಿಣತರಲ್ಲದವರಿಗೆ ಕಲಿಸಿ ಹಂಚಬಹುದು ಎಂಬ ಇದೇ ದಾರಿಯಲ್ಲಿ ಮುಂದೆ ಗೋವಾದಲ್ಲಿ ಮನೋವೈದ್ಯ ವಿಕ್ರಂ ಪಟೇಲ್ ಅವರ ತಂಡ ಕೆಲಸ ಮಾಡಿತು, ಅವರಿಗೆ 2019ರಲ್ಲಿ ಕೆನಡಾದ ಗೈರ್ಡ್‌ನರ್ ಜಾಗತಿಕ ಆರೋಗ್ಯ ಪ್ರಶಸ್ತಿ ಬಂತು. ಇವತ್ತು ಮನೋವೈದ್ಯಕೀಯದ ಪಠ್ಯಗಳಲ್ಲಿ ಬಳ್ಳಾರಿಯ ಹೆಸರಿದೆ. ಅಂದು ಸೈಕಲ್ ತುಳಿದು ಮೂರ್ಛೆ ರೋಗಿಗಳ ಪಟ್ಟಿ ಮಾಡಿದ ಆರೋಗ್ಯ ಕಾರ್ಯಕರ್ತರಿಗೆ ಹಾರ ಹಾಕಿದವರನ್ನು ನಾನು ಕಾಣೆ. ನಮ್ಮ ಈ ಕಡೆಯ ಜಿಲ್ಲೆಗಳಲ್ಲಿ ಆದ ಕೆಲಸದಿಂದ ಬೇರೆ ಬಡ ಊರು ಏನಾದರೂ ಕಲಿಯುವಂತಿದ್ದರೆ ಅದು ಜಾಗತಿಕವೇ. ಹಾಗಾಗಿ ಪದವನ್ನು ಪ್ರಶಸ್ತಿಯ ಹೆಸರಿಗೆ ಅಂಟಿಸುವ ಬದಲು ನಿಯಮದಲ್ಲಿ ಇಡಿ: ಇನ್ನೊಂದು ಊರಿಗೆ ಒಯ್ಯಬಹುದಾದ ಕೆಲಸವಾಗಿರಬೇಕು.

ಒಬ್ಬರಿಗೋ ಗುಂಪಿಗೋ ಎಂಬ ಪ್ರಶ್ನೆ ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ವಿಜ್ಞಾನದ ನೊಬೆಲ್ ಮೂವರಿಗಿಂತ ಹೆಚ್ಚು ಜನರಿಗೆ ಇಲ್ಲ. ಆರೋಗ್ಯದ ಕೆಲಸಕ್ಕೆ ಆ ಅಂಗಿ ಬಿಗಿಯಾಗುತ್ತದೆ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರು ಕೊಟ್ಟ ಗೌರವಗಳಲ್ಲಿ ಒಂದು ನಮ್ಮ ಹತ್ತು ಲಕ್ಷ ಆಶಾ ಕಾರ್ಯಕರ್ತೆಯರಿಗೆ ಒಟ್ಟಾಗಿ ಹೋಯಿತು. ಅದೇ ಪಟ್ಟಿಯಲ್ಲಿ, ಆ ಫೆಬ್ರುವರಿಯಲ್ಲಿ ಅಫ್ಘಾನಿಸ್ತಾನದಲ್ಲಿ ಗುಂಡಿಗೆ ಬಲಿಯಾದ ಎಂಟು ಮಂದಿ ಪೋಲಿಯೊ ಕಾರ್ಯಕರ್ತರ ಹೆಸರೂ ಇತ್ತು. ಗುಂಪಿಗೆ ಕೊಟ್ಟದ್ದು ಸರಿಯೇ. ಆದರೆ ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಎಂದು ಕರ್ನಾಟಕದ ಆಶಾಗಳು 2020ರಲ್ಲೇ ಕೆಲಸ ನಿಲ್ಲಿಸಿ ಕೂತಿದ್ದರು, 2025ರ ಜನವರಿಯಲ್ಲಿ ಮತ್ತೆ ಗೌರವಧನ ಹೆಚ್ಚಿಸಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕಿನ ಚಳಿಯಲ್ಲಿ ಮಲಗಿದ್ದರು. ನನಗೆ ಪರಿಚಯದ ಲಿಂಗಸುಗೂರು ಕಡೆಯ ಆಶಾ ಒಬ್ಬಳು ಅಂದಿದ್ದು ಇನ್ನೂ ಕಿವಿಯಲ್ಲಿದೆ: “ಸಾಹೇಬ್ರ, ಸರ್ಟಿಫಿಕೇಟು ಗ್ವಾಡಿಗೆ ಹಾಕೀನ್ರಿ. ಕಿರಾಣಿ ಅಂಗಡ್ಯಾಗ ಅದು ನಡೆಂಗಿಲ್ಲ.” ಆದ್ದರಿಂದ ಸಿಸ್ಟರಿಗೆ ಕೊಡುವುದಾದರೆ ಅವರ ಜೊತೆ ತಾಂಡಾ ಸುತ್ತುವ ಆಶಾಗಳ ಹೆಸರನ್ನೂ ಫಲಕದಲ್ಲಿ ಕೆತ್ತಿಸಿ, ಹಣವನ್ನೂ ಹಂಚಿ. ಫಲಕದ ಖರ್ಚು ಕಡಿಮೆ ಮಾಡಿ.

ಇನ್ನು ನಿಮ್ಮವರು ನಕ್ಕ ಹೆಸರು. ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಅಭಯ್ ಮತ್ತು ರಾಣಿ ಬಂಗ್ ಎಂಬ ವೈದ್ಯ ದಂಪತಿ ಹಳ್ಳಿಯ ಹೆಂಗಸರಿಗೆ ನವಜಾತ ಶಿಶುಗಳ ಆರೈಕೆ, ಸೋಂಕಿಗೆ ಇಂಜೆಕ್ಷನ್ ಕೊಡುವುದನ್ನು ಕಲಿಸಲು ಹೊರಟಾಗಲೂ ದೊಡ್ಡ ಡಾಕ್ಟರುಗಳು ಮೂಗು ಮುರಿದಿದ್ದರು. 1999ರಲ್ಲಿ ಅದರ ಫಲಿತಾಂಶ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು, ನವಜಾತ ಶಿಶುಗಳ ಮರಣ ಅರ್ಧಕ್ಕಿಂತ ಕೆಳಗೆ ಬಿದ್ದಿತ್ತು. ಇವತ್ತು ಆಶಾ ಬಾಣಂತಿಯ ಮನೆಗೆ ಮೂರನೇ ದಿನ, ಏಳನೇ ದಿನ ಎಂದು ಲೆಕ್ಕ ಹಾಕಿ ಹೋಗುವುದು ಅಲ್ಲಿಂದ ಬಂದ ಪದ್ಧತಿ. ನೀರುಗಂಟಿಯದೂ ಆರೋಗ್ಯದ ಕೆಲಸವೇ, ಸ್ಟೆತೊಸ್ಕೋಪು ಇಲ್ಲ ಅಷ್ಟೆ. ಪೈಪಿನ ಕೊನೆಯಲ್ಲಿ ಯಾರ ಮನೆಗಳಿವೆ ಎಂದು ನಮ್ಮ ಊರುಗಳಲ್ಲಿ ಬಿಡಿಸಿ ಹೇಳಬೇಕಿಲ್ಲ. ವಾಲ್ವು ಯಾವಾಗ ತಿರುಗಿಸಬೇಕು ಎಂಬುದು ಅವನ ಕೈಯಲ್ಲಿದೆ, ಆ ಕೈಯ ಮೇಲೆ ಊರ ಗೌಡರ ಕಣ್ಣಿದೆ. ಕೇರಿಯ ಕೊನೆಯ ನಲ್ಲಿಗೆ ನಿಜವಾಗಿಯೂ ದಿನಾ ನೀರು ಬರುತ್ತಿದ್ದರೆ, ಹಳೆಯ ಬೋರಿಗೆ ಜನ ಹಿಂದಿರುಗಿಲ್ಲದಿದ್ದರೆ, ಅಲ್ಲಿಯ ಶಾಲೆಯ ಒಂದನೇ ತರಗತಿಯ ಮಕ್ಕಳನ್ನೂ ಹತ್ತನೇ ತರಗತಿಯ ಮಕ್ಕಳನ್ನೂ ಅಕ್ಕಪಕ್ಕ ನಿಲ್ಲಿಸಿ ಹಲ್ಲು ತೋರಿಸಿ ಅನ್ನಿ. ಹಳೆಯ ನೀರು ಕುಡಿದು ಬೆಳೆದವರ ಹಲ್ಲು ಕಂದಾಗಿರುತ್ತದೆ. ಹೊಸ ನೀರಿನ ಮೇಲೆ ಬೆಳೆದವರಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವಾಗ ಬೆಳ್ಳಗೆ ಬರಬೇಕು. ಅದಕ್ಕೆ ಆರೇಳು ವರ್ಷವಾದರೂ ಹಿಡಿಯುತ್ತದೆ, ಆದ್ದರಿಂದ ಬೋರು ಬಂದ್ ಆಗಿ ಎಷ್ಟು ವರ್ಷವಾಯಿತು ಎಂದು ಮೊದಲು ಕೇಳಿ. ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಯಾವ ಫೈಲಿನಲ್ಲೂ ಇರುವುದಿಲ್ಲ. ಇಷ್ಟೂ ನಿಜವಾದರೆ ನನ್ನ ಮತ ಅವನಿಗೆ.

ಹಣದ ಮೂಲದ ಬಗ್ಗೆ ಒಂದು ಮಾತು. ಟ್ರಸ್ಟಿಗೆ ಮುಂದೆ ದೇಣಿಗೆ ಬರತೊಡಗುತ್ತದೆ. 2008ರಲ್ಲಿ ಯುನೆಸ್ಕೊ ಸಂಸ್ಥೆ ಈಕ್ವಟೋರಿಯಲ್ ಗಿನಿಯ ಅಧ್ಯಕ್ಷ ಒಬಿಯಾಂಗ್ ಅವರ ದುಡ್ಡಿನಲ್ಲಿ, ಅವರದೇ ಹೆಸರಿನಲ್ಲಿ ಜೀವವಿಜ್ಞಾನದ ಪ್ರಶಸ್ತಿ ಸ್ಥಾಪಿಸಿತು. ಆ ದೇಶದ ಬಡವರ ಪಾಡನ್ನು ಎತ್ತಿ ತೋರಿಸಿ ಜಗತ್ತಿನ ಹಲವರು ಪ್ರತಿಭಟಿಸಿದರು, ವರ್ಷಗಟ್ಟಲೆ ಎಳೆದಾಡಿ ಕೊನೆಗೆ ಹೆಸರು ಬದಲಿಸಿ 2012ರಲ್ಲಿ ಕೊಟ್ಟರು. ನಮ್ಮ ಕಡೆಯಂತೂ ಧೂಳೆಬ್ಬಿಸುವವರೇ ದಾನಿಗಳೂ ಆಗಿರುವುದುಂಟು. ಅದಿರು ಲಾರಿಯ ದುಡ್ಡಿನಲ್ಲಿ ಶ್ವಾಸಕೋಶದ ಪ್ರಶಸ್ತಿ ಬೇಡ.

ಉಳಿದ ಚಿಲ್ಲರೆ ಸಂಗತಿಗಳು. ಅರ್ಜಿ ಕರೆಯಬೇಡಿ. ಬಯೋಡೇಟಾ ಹಿಡಿದು ಬರುವವರನ್ನು ರಾಜ್ಯೋತ್ಸವದ ಹೊತ್ತಿನಲ್ಲಿ ಬೇಕಾದಷ್ಟು ನೋಡಿದ್ದೇವೆ. ಪಾವಗಡದ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆ ಮಾಡಿಸಿದರು, 2018ರಲ್ಲಿ ಪದ್ಮಶ್ರೀ ಬಂತು. ಅಂಥವರು ತಾವಾಗಿ ಫಾರಂ ತುಂಬಿ ಕಳಿಸುವವರಲ್ಲ, ಹುಡುಕಿಕೊಂಡು ಹೋಗಬೇಕು. ಸಮಿತಿಯಲ್ಲಿ ನಿವೃತ್ತ ಡಾಕ್ಟರುಗಳು ಇಬ್ಬರಿದ್ದರೆ ಹೆಚ್ಚಾಯಿತು. ಒಬ್ಬ ಅಂಗನವಾಡಿ ಕಾರ್ಯಕರ್ತೆ, ಕೇರಿಯಿಂದ ಒಬ್ಬರು, ಗುಳೆ ಹೋಗಿ ಬರುವ ಮನೆಯ ಒಬ್ಬ ಹೆಣ್ಣುಮಗಳು ಇರಲಿ, ಸಭೆಗೆ ಬಂದ ದಿನದ ಕೂಲಿಯನ್ನು ಟ್ರಸ್ಟೇ ಕೊಡಲಿ. ಹಣ ಸೀದಾ ಖಾತೆಗೆ ಹಾಕಿ. ತೆರಿಗೆಯ ವಿಷಯ ನಿಮ್ಮ ಆಡಿಟರನ್ನು ಮೊದಲೇ ಕೇಳಿಕೊಳ್ಳಿ, ಸರ್ಕಾರ ಮಾನ್ಯ ಮಾಡದ ಪ್ರಶಸ್ತಿಯ ಹಣ ಪಡೆದವರ ಆದಾಯವೆಂದೇ ಲೆಕ್ಕವಾಗುತ್ತದೆ. ಸಿಸ್ಟರ್ ಸರ್ಕಾರಿ ನೌಕರರು, ನಡತೆ ನಿಯಮಗಳ ಪ್ರಕಾರ ಖಾಸಗಿ ಟ್ರಸ್ಟಿನ ಸನ್ಮಾನ, ನಗದು ಪಡೆಯಲು ಇಲಾಖೆಯ ಅನುಮತಿ ಬೇಕಾಗುತ್ತದೆ. ಅದನ್ನು ನೀವೇ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಬರೆದು ಕೇಳಿ, ಪಾಪ ಅವರನ್ನು ಓಡಾಡಿಸಬೇಡಿ. ಆಶಾಗಳಿಗೆ ಆ ತಾಪತ್ರಯವಿಲ್ಲ, ಸರ್ಕಾರ ಅವರನ್ನು ನೌಕರರೆಂದು ಇನ್ನೂ ಒಪ್ಪಿಲ್ಲ.

ಮೂರೂ ಕಡೆ ಒಮ್ಮೆ ಹೋಗಿ ಬರಲು ಎರಡು ದಿನ ಸಾಕು. ತಾಂಡಾಕ್ಕೆ ಮಾತ್ರ ಹೋಳಿಯ ಹೊತ್ತಿಗೆ ಹೋಗಿ, ದುಡಿಯಲು ಹೋದವರು ಹಬ್ಬಕ್ಕೆ ಊರಿಗೆ ಬಂದಿರುತ್ತಾರೆ. ಆಕೆಯ ಫೋನ್ ಬರುತ್ತಿತ್ತೋ ಇಲ್ಲವೋ ಎಂದು ಅವರನ್ನೇ ಕೇಳಬಹುದು. ನೀರುಗಂಟಿಯ ಊರಿಗೆ ಹೇಳದೆ ಕೇಳದೆ ಬೆಳಿಗ್ಗೆ ಆರಕ್ಕೆ ಮುಟ್ಟಿ, ಕೊನೆಯ ನಲ್ಲಿಯ ಹತ್ತಿರ ಒಂದು ಕೊಡ ಹಿಡಿದು ನಿಂತುಕೊಳ್ಳಿ. ನಕ್ಕ ಸದಸ್ಯರನ್ನೂ ಕರೆದುಕೊಂಡು ಹೋಗಿ.